ಚೀಲ ಇಟ್ಟು ಹಿಡಿದ ಜಾಗ

ಮೇ ತಿಂಗಳ ಕೊನೆಗೆ ನಾವು ಸರಕಾರಿ ಶಾಲೆಯವರು ಮನೆಮನೆಗೆ ಹೋಗಿ ಮಕ್ಕಳನ್ನು ನಮ್ಮಲ್ಲಿಗೆ ಕಳಿಸಿ ಎಂದು ಕೇಳಬೇಕು. ಆ ವರ್ಷ ಬೆಳಂಬಾರದ ನಮ್ಮ ಶಾಲೆಯಲ್ಲಿ ಮಕ್ಕಳು ಇನ್ನೂ ಕಡಿಮೆಯಾದರೆ ಒಬ್ಬ ಟೀಚರನ್ನು ಹೆಚ್ಚುವರಿ ಎಂದು ಬೇರೆಡೆ ಕಳಿಸುವವರಿದ್ದರು. ಆ ಒಬ್ಬಳು ನಾನೇ.

ನಾಗವೇಣಿಯ ಮಗಳು ವ್ಯಾನಿನಲ್ಲಿ ಅಂಕೋಲೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುತ್ತಿದ್ದಳು. ಅವರ ಮನೆಗೆ ಹೋಗಿ, ನಾಗವೇಣಿ ಕೊಟ್ಟ ಕೋಕಂ ಶರಬತ್ತು ಕುಡಿಯುತ್ತ ಬಿಸಿಯೂಟ, ಪುಸ್ತಕ, ತಿಳಿದ ಭಾಷೆಯಲ್ಲೇ ಕಲಿಯುವ ಲಾಭ ಎಲ್ಲ ಹೇಳಿದೆ. ಚೆನ್ನಾಗಿಯೇ ಹೇಳಿದೆ.

“ನಿಮ್ಮ ಮಗಳೂ ಅದೇ ವ್ಯಾನಿಗೆ ಹೋಗ್ತದಲ್ಲ ಅಕ್ಕೋರೆ? ನಮ್ಮ ಹುಡುಗಿ ಪಕ್ಕಕ್ಕೇ ಕೂತ್ಕಳ್ತದಂತೆ,” ಎಂದಳು ನಾಗವೇಣಿ.

ಲೋಟ ಕೆಳಗಿಟ್ಟೆ. ಚುಚ್ಚುತ್ತಿದ್ದಾಳೇನೋ ಎಂದು ಮುಖ ನೋಡಿದೆ. ಹಾಗೇನೂ ಇರಲಿಲ್ಲ.

“ನೀವೇ ಇಷ್ಟು ಹೇಳ್ಬೇಕಾದ್ರೆ ಅದನ್ನೂ ಬಿಡಿಸಿ ಇಲ್ಲಿಗೇ ತರ್ತೀರಿ, ಅಲ್ಲಾ? ಎರಡೂ ಜೊತೆಗಿರ್ಲಿ. ನಾ ಕಳಸ್ತೆ.”

ಇಲ್ಲ ಎನ್ನಬಹುದಿತ್ತು. ಅಂದಿದ್ದರೆ ಒಂದು ಮಗು ಕೈತಪ್ಪುತ್ತಿತ್ತು. “ನೋಡುವಾ,” ಎಂದು ಚಪ್ಪಲಿ ಮೆಟ್ಟಿದೆ.

ಜೂನ್‌ನಲ್ಲಿ ಶಾಲೆ ಶುರುವಾದ ದಿನ ನಾಗವೇಣಿಯ ಮಗಳು ನನ್ನ ತರಗತಿಯ ಮುಂದಿನ ಸಾಲಿನಲ್ಲಿ ಕೂತಿದ್ದಳು. ಬಸ್ಸಿನಲ್ಲಿ ಸೀಟು ಹಿಡಿಯುವ ಹಾಗೆ ಪಕ್ಕದಲ್ಲಿ ಚೀಲ ಇಟ್ಟಿದ್ದಳು. ಬೇರೆ ಮಕ್ಕಳು ಕೂರಲು ಬಂದರೆ, “ಇಲ್ಲಿ ಜನ ಉಂಟು,” ಎಂದು ಬಾಗಿಲ ಕಡೆ ನೋಡುತ್ತಿದ್ದಳು.

ಯಾರು ಎಂದು ನಾನು ಕೇಳಲಿಲ್ಲ; ನನ್ನ ಮಗಳು ಬೆಳಿಗ್ಗೆಯೇ ವ್ಯಾನು ಹತ್ತಿ ಹೋಗಿದ್ದಳು. ಹಾಜರಿ ಕರೆದೆ. ಮಕ್ಕಳು ಬೇಕಾದಷ್ಟೇ ಇದ್ದರು, ನನಗೆ ವರ್ಗವಾಗಲಿಲ್ಲ.