ಟೇಲರ್ ಕಾಕಾ ಹೇಳಿದ ಸುಳ್ಳು

ಹೋದ ವಾರ ನಮ್ಮ ಓಣಿಯ ಇಸ್ತ್ರಿಯವನು ಹಸಿ ಬಟ್ಟೆಯ ಮೇಲೆ ಕೆಂಡದ ಪೆಟ್ಟಿಗೆ ಒತ್ತಿದ. ಅದರ ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷಗಳಾದರೂ ಅದು ನನ್ನನ್ನು ನೇಸರಗಿ ಕಡೆಯ ನಮ್ಮೂರಿಗೆ, ಟೇಲರ್ ಕಾಕಾನ ಅಂಗಡಿಗೇ ಎಳೆದೊಯ್ಯುತ್ತದೆ.

ಕಾಕಾ ನಮ್ಮ ನೆರೆಮನೆಯವರು. ಬಾಯಲ್ಲಿ ಸದಾ ಎರಡು ಟಾಚಣಿ ಪಿನ್ನು ಕಚ್ಚಿಕೊಂಡಿರುತ್ತಿದ್ದುದರಿಂದಲೋ ಏನೋ, ಮಾತು ಬಹಳ ಕಡಿಮೆ.

ಅಂದು ಸಂತೆ. ಬೈಲಹೊಂಗಲದ ಕಾಲೇಜಿನಿಂದ ಬಸ್ಸಿಳಿದವಳೇ ಜಂಪರು ತರಲು ಅವರಲ್ಲಿಗೆ ಹೋಗಿದ್ದೆ. ಎದುರಿನ ಚಹಾದಂಗಡಿಯಲ್ಲಿ ತಾಲ್ಲೂಕು ಪಂಚಾಯ್ತಿ ಸದಸ್ಯರು ಕೂತಿದ್ದರು. ಊರಿನ ಗೋಮಾಳ ನುಂಗಿದವರ ಹೆಸರನ್ನು ತುಂಬಿದ ಸಭೆಯಲ್ಲಿ ಹೇಳಿದ್ದವರು. ಮೋಟರ್‌ಸೈಕಲ್ಲೊಂದು ಬಂತು. ಮುಖಕ್ಕೆ ಟವೆಲ್ ಸುತ್ತಿಕೊಂಡವನೊಬ್ಬ ಹಿಂದಿನಿಂದ ಇಳಿದ. ಮಚ್ಚು ಎರಡು ಸಲ ಎದ್ದದ್ದು ಕಂಡೆ... ಬಸಿಯಲ್ಲಿದ್ದ ಚಹಾ ಸದಸ್ಯರ ಬಿಳಿ ಅಂಗಿಯ ಮೇಲೆ ಚೆಲ್ಲಿತು. ಆಮೇಲೆ ಅದು ಚಹಾ ಆಗಿರಲಿಲ್ಲ.

ಜನ ದಿಕ್ಕಾಪಾಲಾಗಿ ಓಡಿದರು. ಕಾಕಾ ಮಾತ್ರ ಓಡಿಹೋಗಿ ಬಿದ್ದವರ ತಲೆ ಎತ್ತಿ ಹಿಡಿದರು. ಅದೇ ಗಳಿಗೆಯಲ್ಲಿ, ಗಾಡಿ ಹತ್ತುತ್ತಿದ್ದವನ ಟವೆಲ್ ಜಾರಿತು. ಎದುರು ಪಾರ್ಟಿಯ ಮುಖಂಡನ ತಮ್ಮ! ಬಗ್ಗಿ ಕೂತಿದ್ದ ಕಾಕಾ ಅದನ್ನು ನೋಡಲಿಲ್ಲ. ನಾನು ನೋಡಿದೆ.

ಅವರು ಒಳಗೆ ಬಂದಾಗ ಅಂಗೈ ಕೆಂಪಾಗಿತ್ತು. "ಕಾಕಾ, ನಾ ಅವನ ಮಾರಿ ನೋಡೀನಿ," ಎಂದು ಹೆಸರು ಹೇಳಿದೆ.

"ಅವನ ಮೈಮ್ಯಾಲಿನ ಅಂಗಿ ನಾನ ಹೊಲದದ್ದು, ನನಗ ಗುರತು ಸಿಕ್ಕೈತಿ. ನೀ ಇಲ್ಲಿ ಬಂದೇ ಇಲ್ಲ, ತಂಗಿ. ಹಿತ್ತಲ ಬಾಗಲಲೆ ಮನಿಗೆ ನಡಿ."

ನಡೆದೆ.

ಆ ಕೊಲೆಗೆ ಊರಿನಲ್ಲಿ ಸಾಕ್ಷಿ ಹೇಳಿದವರು ಕಾಕಾ ಒಬ್ಬರೇ. ಆ ದಿನ ಮನೆಯಲ್ಲಿ ಹೇಳದೆ ನಾನೂ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅಂಗಿಯ ಗುರುತು ಹೇಳಿ ಅವನೇ ಎಂದರು ಕಾಕಾ. ಅಂಥ ಅಂಗಿ ಸಂತೆಯಲ್ಲಿ ನೂರು ಸಿಗುತ್ತವೆ ಎಂದು ಆರೋಪಿಯ ವಕೀಲರು ನಕ್ಕರು. "ಅಂಗಡ್ಯಾಗ ನಿಮ್ಮ ಜೋಡಿ ಮತ್ಯಾರಿದ್ರು?"

ಕಾಕಾನ ಕಣ್ಣು ಒಂದು ಗಳಿಗೆ ನನ್ನ ಮೇಲೆ ನಿಂತಿತು. ನಾನು ಅರ್ಧ ಎದ್ದಿದ್ದೆ.

"ಯಾರೂ ಇರಲಿಲ್ರಿ," ಎಂದರು.

ನಾನು ಕೂತುಬಿಟ್ಟೆ.

ಅವನು ಬಿಡುಗಡೆಯಾದ. ಅವನ ಮೆರವಣಿಗೆ ಕಾಕಾನ ಅಂಗಡಿಯ ಮುಂದೆಯೇ ಹೋಯಿತು. ಸುಳ್ಳುಸಾಕ್ಷಿ ಎಂದು ಜನ ಆಡಿಕೊಂಡರು, ಬಟ್ಟೆ ಕೊಡುವುದನ್ನು ಬಿಟ್ಟರು. ಕೆಲವೇ ತಿಂಗಳಲ್ಲಿ ಕಾಕಾ ಮಷೀನು ಟೆಂಪೋಕ್ಕೆ ಏರಿಸಿ ಸವದತ್ತಿಗೆ ಹೋದರು. ನಾನು ಕಿಟಕಿಯಿಂದ ನೋಡಿದೆ, ಹೊರಗೆ ಬರಲಿಲ್ಲ. ಮದುವೆಯಾಯಿತು, ಮಕ್ಕಳಾದವು. ಹೋಗಬೇಕು, ಹೋಗಬೇಕು ಅಂದುಕೊಳ್ಳುತ್ತಲೇ ಇದ್ದೆ...

ಮೊನ್ನೆ ಭಾನುವಾರ ಕೊನೆಗೂ ಸವದತ್ತಿಗೆ ಹೋದೆ. ಕಾಕಾನ ಹೆಂಡತಿ, ನಮ್ಮ ಕಾಕು, ಬಾಗಿಲು ತೆರೆದರು. ಕಾಕಾ ತೀರಿಹೋಗಿ ಎರಡು ವರ್ಷವಾಗಿತ್ತಂತೆ.

ಜಗಲಿಯ ಮೇಲೆ ಕೂತು ಎಲ್ಲ ಹೇಳಿದೆ. ಕಾಕು ಕೊನೆಯವರೆಗೂ ಕೇಳಿಸಿಕೊಂಡರು.

"ನೀ ಅಲ್ಲಿದ್ದದ್ದು ನನಗೂ ಹೇಳಲಿಲ್ಲವ್ವಾ ಅವರು. ಮಂದಿ ಸುಳ್ಳ ಅಂದಾಗ, ಒಂದಿನ ನಾನೂ ಕೇಳಿದ್ದೆ... ಖರೇನ ಅವನ್ನ ನೋಡೀರೇನು ಅಂತ. ಅವತ್ತ ಅವರು ಊಟಾ ಮಾಡಲಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಕಾಕು ಮೆಲ್ಲಗೆ ಬಿಡಿಸಿಕೊಂಡು ಒಳಗೆ ಹೋದರು.