ಶಿಸ್ತಿನ ನಿದ್ದೆ

ಮಗಳಿಗೆ ಒಂದೂವರೆ ವರ್ಷವಾಗಿದ್ದಾಗ ಅವಳನ್ನು ಮಣಿಪಾಲದ ಒಂದು ಬೇಬಿ ಸಿಟ್ಟಿಂಗ್‌ನಲ್ಲಿ ಬಿಟ್ಟು ನಾನು ಲ್ಯಾಬ್‌ನ ಕೆಲಸಕ್ಕೆ ಹೋಗುತ್ತಿದ್ದೆ. ಗೇಟಿಗೆ ಚಿಟ್ಟೆಗಳ ಚಿತ್ರ ಬರೆಸಿ, ಮುಂದಿನ ಹಾಲ್‌ನಲ್ಲಿ ಚಾಪೆ ಹಾಸಿ, ಒಬ್ಬ ಹೆಂಗಸು ತನ್ನ ಮನೆಯಲ್ಲೇ ನಡೆಸುತ್ತಿದ್ದ ಜಾಗ ಅದು. ನಾವೆಲ್ಲ ಆಕೆಯನ್ನು ಟೀಚರ್ ಎಂದು ಕರೆಯುತ್ತಿದ್ದೆವು. ಗಂಡ ಕತಾರ್‌ನಲ್ಲಿದ್ದರು. ನಾನು, ಮಗಳು ಬನ್ನಂಜೆಯ ಬಾಡಿಗೆ ಮನೆಯಲ್ಲಿ. ಅಮ್ಮ ಇದ್ದದ್ದು ಕಾರ್ಕಳದಲ್ಲಿ, ಅತ್ತೆ ಕಾಪುವಿನಲ್ಲಿ.

ಮಗಳು ಸುಲಭಕ್ಕೆ ಮಲಗುವವಳಲ್ಲ. ಹೆಗಲ ಮೇಲೆ ಹಾಕಿಕೊಂಡು ಮನೆ ತುಂಬ ಸುತ್ತಬೇಕು, ಅವಳು ನನ್ನ ಕಿವಿಯ ತುದಿಯನ್ನು ಹಿಡಿದು ಉಜ್ಜುತ್ತಿರಬೇಕು, ಕೈ ಸಡಿಲವಾಯಿತೆಂದು ಕೆಳಗಿಳಿಸಿದರೆ ಮತ್ತೆ ಕಣ್ಣು ಬಿಡುತ್ತಿದ್ದಳು. ಸೇರಿಸುವ ದಿನ ಇದನ್ನು ಟೀಚರ್‌ಗೆ ಹೇಳಿದ್ದೆ. ಆಕೆ ನಕ್ಕು, ಎಲ್ಲ ತಾಯಂದಿರೂ ಇದನ್ನೇ ಹೇಳುವುದು, ಎತ್ತಿಕೊಂಡು ಅಭ್ಯಾಸ ಮಾಡಿಸಿದವರು ನೀವೇ, ಇಲ್ಲಿ ಊಟ ಆದ ಮೇಲೆ ಎಲ್ಲ ಮಕ್ಕಳೂ ಒಟ್ಟಿಗೆ ಮಲಗುತ್ತಾರೆ ಎಂದಿದ್ದರು. ಸ್ವಲ್ಪ ದಿನಗಳಲ್ಲೇ ಮಗಳು ಚಾಪೆಯ ಮೇಲೆ ತಾನಾಗಿ ನಿದ್ದೆ ಮಾಡುವ ವೀಡಿಯೋ ನನ್ನ ಫೋನಿಗೆ ಬಂತು. ನಾನು ಅದನ್ನು ಗಂಡನಿಗೆ ಕಳಿಸಿದೆ. ಶಿಸ್ತು ಅಂದರೆ ಹೀಗಿರಬೇಕು ಎಂದು ಅವರು ಹೊಗಳಿದರು.

ಒಂದು ಭಾನುವಾರ ಕಾರ್ಕಳಕ್ಕೆ ಹೋಗಿದ್ದೆವು. ಮಧ್ಯಾಹ್ನ ಅಮ್ಮ ಮಗಳಿಗೆ ಗಂಜಿ ತಿನ್ನಿಸಿ, ಬಾಯಿ ಒರೆಸಿ, ಫ್ಯಾನಿನ ಕೆಳಗೆ ಮಲಗಿಸಿದರು. ಮಗಳು ಅಂಗಾತ ಮಲಗಿ, ಕೈ ಎರಡನ್ನೂ ಪಕ್ಕಕ್ಕಿಟ್ಟುಕೊಂಡು, ಬಾಯಿ ತೆರೆದು ಕಾದಳು.

"ಎಂತ ಇದು? ಹಸಿವಾ ಇನ್ನೂ?" ಎಂದು ಅಮ್ಮ ಮತ್ತೊಂದು ಚಮಚ ಗಂಜಿ ತಂದರು. ಮಗಳು ಮುಖ ತಿರುಗಿಸಿದಳು. ಅಮ್ಮ ಬಟ್ಟಲನ್ನು ಆಚೆ ಇಟ್ಟರೆ ಮತ್ತೆ ಬಾಯಿ ತೆರೆದಳು. ಏನೋ ಬರಬೇಕು, ಬಂದ ಮೇಲೆ ಮಲಗಬೇಕು ಎನ್ನುವ ಹಾಗೆ. ನಮ್ಮನ್ನು ನೋಡುತ್ತ, ಕಾದು ಕಾದು, ಆಮೇಲೆ ಅಳತೊಡಗಿದಳು. ಅಮ್ಮ ನನ್ನ ಮುಖ ನೋಡಿದರು. ನಾನು ದಿನವಿಡೀ ಔಷಧ, ರಕ್ತ, ರಿಪೋರ್ಟುಗಳ ನಡುವೆ ಇರುವವಳು. ಮಲಗಿದ ಮಗು ಬಾಯಿ ತೆರೆಯುವುದು ಯಾವುದಕ್ಕೆ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಕಣ್ಣಾರೆ ಕಾಣದೆ ದೂರಲಾರದೆ ಮರುದಿನವೂ ಮಗಳನ್ನು ಅಲ್ಲೇ ಬಿಟ್ಟೆ; ಊಟದ ಹೊತ್ತಿನ ನಂತರ ರಜೆ ಹಾಕಿ, ಹೇಳದೆ ಕೇಳದೆ ಆ ಮನೆಗೆ ಹೋದೆ. ಹಾಲ್‌ನಲ್ಲಿ ಮಕ್ಕಳು ಸಾಲಾಗಿ ಮಲಗಿದ್ದರು. ಒಳಗೆ ಮಿಕ್ಸಿ ತಿರುಗುತ್ತಿತ್ತು, ಕುಕ್ಕರ್ ಕೂಗಿತು. ಒಂದು ಮಗುವೂ ಮಗ್ಗುಲು ಬದಲಿಸಲಿಲ್ಲ. ಕಿಟಕಿಯ ದಂಡೆಯ ಮೇಲೆ, ಅಡಗಿಸುವ ಅಗತ್ಯವೇ ಇಲ್ಲವೆಂಬಂತೆ, ಸಿರಪ್ಪಿನ ಬಾಟಲಿಯಿತ್ತು. ಪಕ್ಕದಲ್ಲಿ ಒಂದೇ ಒಂದು ಚಮಚ.

"ಇದು ಎಂತ, ಟೀಚರ್?"

"ಶೀತದ್ದು."

"ಯಾವ ಮಗುವಿಗೆ ಶೀತ?"

ಆಕೆ ನನಗೇ ತಿಳಿಹೇಳುವ ಧಾಟಿಯಲ್ಲಿ ಶುರು ಮಾಡಿದರು. "ಸ್ವಲ್ಪವೇ ಕೊಡುವುದು. ಡಾಕ್ಟರೂ ಇದನ್ನೇ ಕೊಡ್ತಾರಲ್ವಾ? ಇಷ್ಟು ಮಕ್ಕಳನ್ನು ಒಬ್ಬಳೇ ಹೇಗೆ ಮಲಗಿಸುವುದು? ಮಲಗದಿದ್ದರೆ ಸಂಜೆ ನೀವೇ ಬಂದು, ಮಗು ಕಿರಿಕಿರಿ ಮಾಡ್ತದೆ ಅಂತ ನನ್ನ ಹತ್ತಿರ ಹೇಳುವುದು."

ಆ ಹೆಂಗಸಿನ ಧ್ವನಿಯಲ್ಲಿ ಭಯವಿರಲಿಲ್ಲ. ನನಗೆ ಅತಿ ಹೆಚ್ಚು ಸಿಟ್ಟು ತರಿಸಿದ್ದು ಅದೇ. ಬಾಟಲಿಯ ಫೋಟೋ ತೆಗೆದುಕೊಂಡು ಮಗಳನ್ನು ಎತ್ತಿಕೊಂಡೆ. ಅವಳ ಕುತ್ತಿಗೆ ನನ್ನ ಹೆಗಲ ಮೇಲೆ ನಿಲ್ಲಲಿಲ್ಲ, ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ರಿಕ್ಷಾದಲ್ಲಿ ಕುಳಿತು ಅವಳ ಮೂಗಿನ ಹತ್ತಿರ ಬೆರಳು ಹಿಡಿದುಕೊಂಡೇ ಮಕ್ಕಳ ಡಾಕ್ಟರ ಹತ್ತಿರ ಹೋದೆ. ಅವರು ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಇದು ಮಂಪರು ತರಿಸುವ ಸಿರಪ್, ಎರಡು ವರ್ಷ ತುಂಬದ ಮಗುವಿಗೆ ಕೊಡಲೇಬಾರದು, ಉಸಿರಿಗೇ ಕಷ್ಟವಾಗಬಹುದು ಎಂದರು. ಮಗಳು ಕಣ್ಣು ಬಿಡುವವರೆಗೆ ನಮ್ಮನ್ನು ಅಲ್ಲೇ ಕೂರಿಸಿಕೊಂಡರು.

ಅಲ್ಲಿಂದಲೇ ಬೇಬಿ ಸಿಟ್ಟಿಂಗ್‌ನ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿ, ಡಾಕ್ಟರು ಹೇಳಿದ್ದನ್ನು ಬರೆದೆ. ಎಲ್ಲರೂ ಓಡಿ ಬರುತ್ತಾರೆ, ತಮ್ಮ ಮಕ್ಕಳನ್ನು ಎತ್ತಿಕೊಂಡು ಹೋಗುತ್ತಾರೆ ಎಂದುಕೊಂಡಿದ್ದೆ. ಹೆಚ್ಚಿನವರು ಓದಿ ಬಿಟ್ಟರು, ಅಷ್ಟೇ. ಒಬ್ಬ ತಂದೆ, "ಪ್ರೂಫ್ ಉಂಟಾ?" ಎಂದು ಕೇಳಿದ. ಒಬ್ಬ ತಾಯಿ ಪ್ರತ್ಯೇಕವಾಗಿ ಫೋನ್ ಮಾಡಿ, ದಯವಿಟ್ಟು ದೊಡ್ಡದು ಮಾಡಬೇಡಿ, ಇದು ಮುಚ್ಚಿದರೆ ನಾನು ಮಗುವನ್ನು ಎಲ್ಲಿ ಬಿಡುವುದು ಎಂದು ಅತ್ತಳು. ನಾಲ್ಕು ಜನಕ್ಕೆ ಉತ್ತರಿಸುವಷ್ಟರಲ್ಲಿ ಟೀಚರ್ ನನ್ನನ್ನು ಗುಂಪಿನಿಂದಲೇ ತೆಗೆದುಹಾಕಿದರು.

ನಾನು ಪೊಲೀಸರಿಗೆ ದೂರು ಕೊಟ್ಟೆ. ಬಂದು ವಿಚಾರಿಸಿದರು. ಬೋರ್ಡು ಇಳಿಯಿತು, ಗೇಟು ಮುಚ್ಚಿತು. ಕೆಲವು ತಿಂಗಳಾದ ಮೇಲೆ ಅದೇ ಹೆಂಗಸು ಬೇರೆ ಓಣಿಯಲ್ಲಿ, ಬೇರೆ ಹೆಸರಿನಲ್ಲಿ ಮತ್ತೆ ಶುರು ಮಾಡಿದ್ದು ಗೊತ್ತಾಯಿತು. ಮತ್ತೆ ದೂರು ಕೊಟ್ಟೆ. ಅಷ್ಟರಲ್ಲಿ ಗಂಡನಿಗೆ ಸಾಕಾಗಿತ್ತು. ಮಗುವಿಗೆ ಏನೂ ಆಗಲಿಲ್ಲವಲ್ಲ, ಇನ್ನು ಬಿಟ್ಟುಬಿಡು ಎಂದರು. ನೆಂಟರಲ್ಲಿ ಒಬ್ಬರು ಇನ್ನೂ ಮುಂದೆ ಹೋಗಿ, ಇಷ್ಟು ಚಿಕ್ಕ ಮಗುವನ್ನು ಬಿಟ್ಟು ಕೆಲಸಕ್ಕೆ ಹೋದದ್ದಕ್ಕೆ ಹೀಗಾಯಿತು ಎಂದರು. ಚಮಚ ಹಿಡಿದವಳು ಬೇರೆ, ತಪ್ಪು ನನ್ನದು! ನಾನು ತಲೆ ತಗ್ಗಿಸಲಿಲ್ಲ. ಇವತ್ತಿಗೂ ತಗ್ಗಿಸುವುದಿಲ್ಲ.

ಬನ್ನಂಜೆಯ ಮನೆ ಬಿಟ್ಟು ಕಾಪುವಿಗೆ ಹೋದೆವು. ಅತ್ತೆ ವಿಷಯ ಕೇಳಿ ತಣ್ಣಗೆ, "ನಾವು ಜಾಯಿಕಾಯಿ ತೇಯ್ದು ನಾಲಗೆಗೆ ಹಚ್ಚುತ್ತಿದ್ದೆವು. ನಿನ್ನ ಗಂಡನಿಗೆ ಎಂತ ಆಗಿದೆ ಈಗ?" ಎಂದರು.

ಎಷ್ಟೋ ದಿನಗಳಿಂದ ಒಳಗೆ ಕಟ್ಟಿಕೊಂಡಿದ್ದ ಸಿಟ್ಟು ಅವರ ಮೇಲೆ ಹೋಯಿತು. "ಅತ್ತೆ, ನನ್ನನ್ನು ಕೇಳದೆ ಇನ್ನು ಅವಳ ಬಾಯಿಗೆ ಯಾರೂ ಏನನ್ನೂ ಹಾಕಬಾರದು. ಜಾಯಿಕಾಯಿಯೂ ಬೇಡ. ಅವಳು ಮಲಗದಿದ್ದರೆ ಮಲಗದೆ ಇರಲಿ."

ಅತ್ತೆಗೆ ಎದುರು ಮಾತನಾಡಿದ್ದು ಅದೇ ಮೊದಲು. ಅವರು ಮುಖ ತಿರುಗಿಸಿ ಅಡುಗೆಮನೆಗೆ ಹೋದರು. ಆದರೆ ಮರುದಿನ ಬೆಳಿಗ್ಗೆ ಮಲ್ಲಿಗೆ ಕಟ್ಟಿ ಮಾರಲು ಕಳಿಸಿದ ಮೇಲೆ ತಮ್ಮ ಹಳೆಯ ಸೀರೆಯೊಂದನ್ನು ಜಂತಿಗೆ ಬಿಗಿದು ತೊಟ್ಟಿಲು ಮಾಡಿದರು.

ನಿದ್ದೆಯನ್ನು ಮಗಳು ಮೊದಲಿನಿಂದ ಕಲಿಯಬೇಕಾಯಿತು. ಮಧ್ಯಾಹ್ನವಾದರೆ ಕಣ್ಣು ಎಳೆಯುತ್ತಿತ್ತು, ಆದರೂ ಮಲಗಲು ಗೊತ್ತಾಗದೆ ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಕಿರುಚುತ್ತಿದ್ದಳು. ಅತ್ತೆಯ ರಟ್ಟೆ ನೋಯುತ್ತಿತ್ತು. ಆದರೂ ಅವರು ನನಗೆ ಒಂದು ದಿನವೂ ಫೋನ್ ಮಾಡಿ ದೂರಲಿಲ್ಲ. ಬಸ್ಸಿಳಿದು ನಾನು ಓಡಿ ಬಂದರೆ, ಇವತ್ತು ಅತ್ತಳು, ಇವತ್ತು ಸ್ವಲ್ಪ ಮಲಗಿದಳು ಎಂದಷ್ಟೇ ಹೇಳುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ನಿದ್ದೆ ಅವಳಿಗೆ ಸಿಕ್ಕಿತು. ಆ ಸುದ್ದಿ ಹೇಳಲು ಅತ್ತೆ ಗೇಟಿನವರೆಗೆ ಬಂದಿದ್ದರು.

ಮಗಳು ಈಗ ಶಾಲೆಗೆ ಹೋಗುತ್ತಾಳೆ. ಅವಳಿಗೆ ಅದು ಯಾವುದೂ ನೆನಪಿಲ್ಲ. ಎಲ್ಲ ಸರಿಹೋಯಿತಲ್ಲ, ಇನ್ನೂ ಏಕೆ ಸಿಟ್ಟು ಎಂದು ಕೇಳುವವರಿದ್ದಾರೆ. ಸರಿಹೋಗದಿದ್ದರೆ ಮಾತ್ರ ಸಿಟ್ಟು ಮಾಡಿಕೊಳ್ಳಬೇಕೇ?

ಮೊನ್ನೆ ಮಣಿಪಾಲದ ಬಸ್‌ಸ್ಟಾಪಿನಲ್ಲಿ ಒಬ್ಬ ಹುಡುಗಿ ಸಣ್ಣ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಮುಂದಿನ ತಿಂಗಳು ಕೆಲಸಕ್ಕೆ ಸೇರಬೇಕಂತೆ, ಬೇಬಿ ಸಿಟ್ಟಿಂಗ್ ಹುಡುಕುತ್ತಿದ್ದಾಳಂತೆ. ಒಂದು ಓಣಿಯ ಹೆಸರು ಹೇಳಿ, "ಅಲ್ಲಿ ಮಕ್ಕಳು ಚಂದ ಮಲಗ್ತಾರಂತೆ, ನಿಮಗೆ ಗೊತ್ತುಂಟಾ?" ಎಂದು ಕೇಳಿದಳು.

ನಾನು ಹೇಳತೊಡಗಿದೆ. ಸುತ್ತ ನಿಂತವರು ತಿರುಗಿ ನೋಡುವಷ್ಟು ಗಟ್ಟಿಯಾಗಿಯೇ ಹೇಳಿದೆ. ಉಡುಪಿಯ ಬಸ್ಸು ಬಂತು, ಹೋಯಿತು. ಅವಳೂ ಹತ್ತಲಿಲ್ಲ, ನಾನೂ ಹತ್ತಲಿಲ್ಲ.