ಸೊಸೆಯ ಗಿಟಾರ್, ಗಂಗವ್ವನ ಶ್ರುತಿ

ಹೊಸ ಗಿಟಾರ್ ತಂತಿಯ ಪೊಟ್ಟಣ ಬಿಚ್ಚಿದಾಗ ಬರುವ ಉಕ್ಕಿನ ವಾಸನೆ ನಿಮಗೆ ಗೊತ್ತೇ? ಇವತ್ತು ಬೆಳಿಗ್ಗೆ ಸೊಸೆ ಸುಜಾತಾ ಅಡುಗೆಮನೆಯ ಟೇಬಲ್ಲಿನ ಮೇಲೆ ಅಂಥದೊಂದು ಪೊಟ್ಟಣ ಒಡೆದು, ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನನ್ನ ಮನಸ್ಸು ಮಾತ್ರ ಸೊಲ್ಲಾಪುರ ಬಿಟ್ಟು ಅಕ್ಕಲಕೋಟೆಗೆ ಹೊರಟಿತು.

ಅಲ್ಲಿ ನನ್ನ ನಾದಿನಿ ಗಂಗವ್ವನ ಭಜನಾ ಮಂಡಳಿ. ವಯಸ್ಸಾಗಿ ಅವಳ ಧ್ವನಿ ಇಳಿದಂತೆ ಎಲ್ಲ ಹೆಂಗಸರೂ ಮಾತಿಲ್ಲದೆ ಶ್ರುತಿ ಇಳಿಸಿಕೊಂಡು ಹಾಡುತ್ತಿದ್ದರು. ಅದೇ ಅಲ್ಲಿಯ ಎಟಿಕೆಟ್. ಸೊಸೆಯ ಎಲೆಕ್ಟ್ರಿಕ್ ಗಿಟಾರಿನ ಸುದ್ದಿ ಕೇಳಿ ಗಂಗವ್ವ, "ಒಂದ್ ಗುರುವಾರ ತಂದು ಬಾರಸಲಿ. ಕಿವಿಗಿ ಹಿಡಿಸಿದ್ರ ಇಲ್ಲಿರಲಿ, ಇಲ್ಲಂದ್ರ ಮನ್ಯಾಗಿರಲಿ" ಎಂದಿದ್ದಳು.

ಆಗ ಸುಜಾತಾ ಮರ್ಯಾದೆಗೆಂದು ಗಿಟಾರಿನ ಎಲ್ಲ ತಂತಿಗಳನ್ನೂ ಗಂಗವ್ವನ ಶ್ರುತಿಗೆ ಸಡಿಲಿಸಿದಳು. ಬೆರಳೊತ್ತದೆ ಬಿಟ್ಟ ತಂತಿ ಸರಿಯಾಗಿಯೇ ನುಡಿಯುತ್ತಿತ್ತು. ಕೈ ಗಿಟಾರಿನ ಕತ್ತಿನ ಗೆರೆಗಳ ನಡುವಿನ ಮೇಲಿನ ಮನೆಗಳಿಗೆ ಹೋದರೆ ಅಪಸ್ವರ. ಬುಧವಾರ ಸಂಜೆ ಗಿಟಾರನ್ನು ಚೀಲಕ್ಕೆ ತುಂಬಿಬಿಟ್ಟಳು.

"ಅತ್ತಿ, ನಾ ಬರಂಗಿಲ್ರಿ. ಟ್ಯೂನರ್ ಬರೋಬರ್ ಅಂತೈತಿ, ಕಿವಿ ಒಪ್ಪವಲ್ದು."

ನಾನು ಓದಿದ ಕಾನ್ವೆಂಟಿನಲ್ಲಿ ಕಾಯರ್ ಹಾಡಿಗೆ ಮುಂಚೆ ಗಿಟಾರುಗಳ ಶ್ರುತಿ ಸೇರಿಸುವ ಕೆಲಸ ಸಿಸ್ಟರ್ ನನಗೇ ಕೊಡುತ್ತಿದ್ದರು. ಗಣಿತದಲ್ಲಿ ಹೋಪ್‌ಲೆಸ್, ಪ್ರಾರ್ಥನೆಯಲ್ಲಿ ನಿದ್ದೆ. ಕಿವಿಯೊಂದು ಮಾತ್ರ ಪರ್ಫೆಕ್ಟ್. ನಾನು ಚೀಲ ಬಿಚ್ಚಿದೆ.

"ಹಂಗಾರ ಕಿವೀನೇ ನಂಬು. ಮತ್ತ ಟವೆಲ್ ಹಿಂಡಿದಂಗ ತಂತಿ ಒತ್ತಬ್ಯಾಡ, ಡಾರ್ಲಿಂಗ್."

ಹನ್ನೆರಡನೇ ಮನೆಯ ಗೆರೆಯ ಮೇಲೆ ತಂತಿಯನ್ನು ಬರೀ ಸೋಕಿ ಮೀಟಿದರೆ ಗಂಟೆಯಂಥ ನಾದ ಬರುತ್ತದೆ. ಅಲ್ಲೇ ಒತ್ತಿ ಮೀಟಿದರೂ ಅದೇ ಸ್ವರ ಬರಬೇಕು. ಇಲ್ಲಿ ಒತ್ತಿದ್ದು ಏರಿತ್ತು. ಸಡಿಲ ತಂತಿ ಒತ್ತಿದಷ್ಟೂ ಏರುತ್ತದೆ. ಹೊಲಿಗೆ ಮಷೀನಿನ ಸ್ಕ್ರೂಡ್ರೈವರ್ ತಂದು, ತಂತಿ ಕೂರುವ ಪುಟ್ಟ ಕುದುರೆಯನ್ನು ಒಂದು ಎಳೆಯಷ್ಟು ಹಿಂದೆ ಸರಿಸಿದೆ. ತಂತಿ ಉದ್ದವಾಯಿತು, ಸ್ವರ ಇಳಿಯಿತು. ಮತ್ತೆ ಶ್ರುತಿ ಮಾಡು, ಮತ್ತೆ ಕೇಳು. ಆರು ತಂತಿಗೂ ಇದೇ ಸೇವೆ. ಎರಡನೆಯ ತಂತಿಗೆ ಬರುವಷ್ಟರಲ್ಲಿ ಸುಜಾತಾ ಸ್ಕ್ರೂಡ್ರೈವರನ್ನು ನನ್ನ ಕೈಯಿಂದ ತೆಗೆದುಕೊಂಡಳು.

ಗುರುವಾರ ಅಕ್ಕಲಕೋಟೆಯಲ್ಲಿ ಸುಜಾತಾಳ ಗಿಟಾರಿನೊಂದಿಗೆ ಮೊದಲ ಪದ ಮುಗಿದರೂ ಗಂಗವ್ವ ಹೊಗಳಲಿಲ್ಲ, ಕಣ್ಣೂ ತೆರೆಯಲಿಲ್ಲ. ಪ್ರತಿ ಪದಕ್ಕೂ ಹಾರ್ಮೋನಿಯಂ ಪೇಟಿಯವಳ ಕಡೆ ತಿರುಗಿ ಸ್ವರ ಕೇಳುವುದು ಅವಳ ರೂಢಿ. ಎರಡನೆಯದಕ್ಕೆ ಈ ಕಡೆ ತಿರುಗಿದಳು.

"ಸುಜಾತಾ, ನೀ ಸ್ವರ ಕೊಡವಾ."

ನಾನು ಸೆರಗಿನಿಂದ ಕನ್ನಡಕ ಒರೆಸಿಕೊಂಡೆ. ಧೂಳಿತ್ತು ಎಂದೇ ಇಟ್ಟುಕೊಳ್ಳಿ.

ಈಗ ಮುಚ್ಚಿದ ಬಾಗಿಲಾಚೆ ಮೂರನೆಯ ತಂತಿ ಕೂದಲೆಳೆಯಷ್ಟು ಏರಿದೆ. ಹೇಳಲು ಎದ್ದವಳು ಮತ್ತೆ ಕುಳಿತು ಮೆಂತ್ಯ ಬಿಡಿಸತೊಡಗಿದೆ. ಒಳಗೆ ಮೀಟು ನಿಂತಿತು. ಸ್ವಲ್ಪ ಹೊತ್ತಿಗೆ ಅದೇ ತಂತಿ ಮತ್ತೆ ನುಡಿಯಿತು, ಸರಿಯಾಗಿ.